ಗೋಕಾಕದ ಗಿರಣಿ, ಕೋಲಾರದ ಗಣಿ ಮತ್ತು ನಮ್ಮೂರ ಪಂಪ್‌ಸೆಟ್ಟು

ಹೈಸ್ಕೂಲು ದಾಟಿದವರಿಗೆಲ್ಲ ಓಮನ ನಿಯಮ ಗೊತ್ತಿರುತ್ತೆ. ಪರೀಕ್ಷೆಗೆ ಖಾಯಂ ಆಗಿ ಬರುತ್ತಿದ್ದ ಎರಡು ಮಾರ್ಕಿನ ಪ್ರಶ್ನೆ ಅದು. ಅದರ ಜೊತೆಗೇ ಪವರ್‌ನ ಸೂತ್ರ.

ವೋಲ್ಟೇಜ್ = ಪ್ರವಾಹ × ರೋಧ
ಪವರ್ = ವೋಲ್ಟೇಜ್ × ಪ್ರವಾಹ

ವೋಲ್ಟೇಜೂ ಪ್ರವಾಹವೂ ಗೊತ್ತಿದ್ದರೆ ಭಾಗಿಸಿದಾಗ ರೋಧ ಸಿಗುತ್ತೆ, ಗುಣಿಸಿದಾಗ ಪವರ್ ಸಿಗುತ್ತೆ. ಅಷ್ಟೇ! ಬಾಯಿಪಾಠ ಮಾಡಿದ್ದು, ಬರೆದದ್ದು, ಮರೆತದ್ದು.

ಆದರೆ ಈ ಎರಡು ಸಾಲಿನ ಲೆಕ್ಕ ನಮ್ಮ ರಾಜ್ಯದ ಇತಿಹಾಸದಲ್ಲಿ ಒಂದು ದೊಡ್ಡ ಕೆಲಸ ಮಾಡಿದೆ. ಅದು ಗೊತ್ತಾಗಬೇಕಾದರೆ ಭೂಪಟದಲ್ಲಿ ಎರಡು ಜಲಪಾತಗಳನ್ನು ಗುರುತು ಹಾಕಿಕೊಳ್ಳಿ. ಒಂದು ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಘಟಪ್ರಭೆಯದು. ಇನ್ನೊಂದು ಕಾವೇರಿಯ ಶಿವನಸಮುದ್ರ.

ಗೋಕಾಕದ ಹತ್ತಿ ಗಿರಣಿ ಶುರುವಾಗಿದ್ದು 1887ರಲ್ಲಿ. ಜಲಪಾತದ ನೀರಿನ ಬಲದಿಂದಲೇ ನೂಲು ತೆಗೆಯಬೇಕು ಅಂತ ಕಟ್ಟಿದ ಗಿರಣಿ ಅದು. ಎಲ್ಲಿ ಕಟ್ಟಿದರು? ಜಲಪಾತದ ತಲೆಯ ಹತ್ತಿರವೇ. ಹತ್ತಿ ಅಲ್ಲಿಗೇ ಬರಬೇಕು, ಕೂಲಿಯವರು ಅಲ್ಲಿಗೇ ಬರಬೇಕು, ಅವರಿಗೆ ಮನೆಗಳೂ ಅಲ್ಲೇ ಆಗಬೇಕು. ಯಾಕೆಂದರೆ ನೀರಿನ ಬಲ ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಗೋಕಾಕ ಫಾಲ್ಸ್ ಅನ್ನೋ ಊರು ಬೆಳೆದದ್ದೇ ಹಾಗೆ.

ಹದಿನೈದು ವರ್ಷದ ನಂತರ, 1902ರ ಜೂನ್ 30ರಂದು, ಶಿವನಸಮುದ್ರದ ನೀರಿನ ಬಲ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಿಲೋಮೀಟರಿನಲ್ಲಿ ಹೇಳಬೇಕಾದರೆ ಸುಮಾರು 148. ಗಣಿ ತನ್ನ ಜಾಗದಲ್ಲೇ ಇತ್ತು, ಜಲಪಾತವೂ ತನ್ನ ಜಾಗದಲ್ಲೇ ಇತ್ತು. ಮಧ್ಯೆ ಇದ್ದದ್ದು ತಾಮ್ರದ ತಂತಿ.

ಈ ಹದಿನೈದು ವರ್ಷದಲ್ಲಿ ಏನಾಯಿತು? ಅದನ್ನು ಹೇಳೋದಕ್ಕೆ ಮೊದಲು ಓಮನ ಕಥೆ ಹೇಳಬೇಕು.

ಗೇಯೋರ್ಗ್ ಸಿಮೋನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವನು. ಮಗ ಕಲೋನ್ ಊರಿನಲ್ಲಿ ಗಣಿತ, ಭೌತಶಾಸ್ತ್ರದ ಮೇಷ್ಟ್ರಾದ. ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ಅಳೆಯೋದು ಅವನ ಹುಚ್ಚು. ಆದರೆ ಆಗಿನ ಬ್ಯಾಟರಿಗಳು ಒಂದೇ ಸಮ ಇರುತ್ತಿರಲಿಲ್ಲ. ಅಳೆಯುತ್ತಿದ್ದಂತೆಯೇ ಸೊರಗುತ್ತಿದ್ದವು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಒಂದು ಸಲಹೆ ಕೊಟ್ಟ: ಬ್ಯಾಟರಿ ಬಿಡು, ಎರಡು ಲೋಹ ಸೇರಿಸಿ ಒಂದು ತುದಿ ಬಿಸಿ, ಒಂದು ತುದಿ ತಣ್ಣಗೆ ಇಟ್ಟರೆ ವಿದ್ಯುತ್ ಹುಟ್ಟುತ್ತಲ್ಲ, ಅದನ್ನು ಉಪಯೋಗಿಸು. ಬಿಸ್ಮತ್ ಮತ್ತು ತಾಮ್ರದ ಜೋಡಿ, ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜುಗಡ್ಡೆಯಲ್ಲಿ. ಇವೆರಡರ ಉಷ್ಣತೆ ಬದಲಾಗಲ್ಲ, ಹಾಗಾಗಿ ವೋಲ್ಟೇಜೂ ಬದಲಾಗಲ್ಲ. ಎಷ್ಟು ಸರಳ ಉಪಾಯ ನೋಡಿ! 1826ರಲ್ಲಿ ಅವನಿಗೆ ಬೇಕಾದ ಸಂಬಂಧ ಸಿಕ್ಕಿತು, 1827ರಲ್ಲಿ ಪುಸ್ತಕ ಬಂತು.

ಜನ ಮೆಚ್ಚಲಿಲ್ಲ. ಭೌತಶಾಸ್ತ್ರದಲ್ಲಿ ಇಷ್ಟು ಗಣಿತ ಯಾಕೆ ಅನ್ನುವ ಕಾಲ ಅದು. ಓಮ್ ಬೇಸರದಿಂದ ಕಲೋನಿನ ಕೆಲಸವನ್ನೇ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದು 1852ರಲ್ಲಿ, ತೀರಿಕೊಂಡಿದ್ದು 1854ರಲ್ಲಿ. ಅವನ ಹೆಸರನ್ನು ರೋಧದ ಅಳತೆಗೆ ಇಟ್ಟಿದ್ದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ. ಅಂದ ಹಾಗೆ, ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1781ರಲ್ಲೇ ಹೆಚ್ಚುಕಡಿಮೆ ಇದೇ ಮಾತನ್ನು ಕಂಡುಕೊಂಡಿದ್ದ. ಮೀಟರೇ ಇಲ್ಲದ ಕಾಲ, ತನ್ನ ಮೈಗೆ ಹೊಡೆಯುವ ಶಾಕಿನಿಂದಲೇ ಹೆಚ್ಚುಕಡಿಮೆ ಗುರುತಿಸುತ್ತಿದ್ದನಂತೆ! ಆದರೆ ಯಾರಿಗೂ ಹೇಳಲಿಲ್ಲ. ಅವನ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ ಅಚ್ಚು ಹಾಕಿಸಿದ್ದು 1879ರಲ್ಲಿ.

ಎರಡನೇ ತುಂಡು ಜೂಲ್‌ನದು. ಮ್ಯಾಂಚೆಸ್ಟರ್ ಬಳಿ ಬಿಯರ್ ತಯಾರಿಸುವ ಮನೆತನದ ಹುಡುಗ ಜೇಮ್ಸ್ ಜೂಲ್, ನೀರಿನಲ್ಲಿ ತಂತಿ ಸುರುಳಿ ಮುಳುಗಿಸಿ, ವಿದ್ಯುತ್ ಹರಿಸಿ, ನೀರು ಎಷ್ಟು ಬಿಸಿಯಾಗುತ್ತೆ ಅಂತ ನೋಡಿದ. 1840-41ರ ಮಾತು. ಪ್ರವಾಹ ಎರಡು ಪಟ್ಟು ಮಾಡಿದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಮೂರು ಪಟ್ಟು ಮಾಡಿದರೆ ಒಂಬತ್ತು ಪಟ್ಟು.

ತಂತಿಯಲ್ಲಿ ಶಾಖವಾಗಿ ಹೋಗುವ ಪವರ್ = ಪ್ರವಾಹ × ಪ್ರವಾಹ × ರೋಧ

ಮೇಲಿನ ಎರಡು ಸೂತ್ರಗಳನ್ನು ಸೇರಿಸಿದರೂ ಇದೇ ಬರುತ್ತೆ. ನೆನಪಿಡಿ, ಮುಂದಿನ ಕಥೆಯೆಲ್ಲ ಈ ‘ಪ್ರವಾಹ × ಪ್ರವಾಹ’ದ್ದೇ.

ಈಗ ನಮ್ಮಲ್ಲಿ ಅನೇಕರಿಗೆ ಬರುವ ಒಂದು ಗೊಂದಲ. ಓಮನ ನಿಯಮದ ಪ್ರಕಾರ ವೋಲ್ಟೇಜ್ ಜಾಸ್ತಿ ಮಾಡಿದರೆ ಪ್ರವಾಹ ಜಾಸ್ತಿ ಆಗಬೇಕು. ಮತ್ತೆ ದೂರಕ್ಕೆ ವಿದ್ಯುತ್ ಕಳಿಸುವಾಗ ‘ಪ್ರವಾಹ ಕಡಿಮೆ ಆಗಲಿ ಅಂತ ವೋಲ್ಟೇಜ್ ಜಾಸ್ತಿ ಮಾಡುತ್ತಾರೆ’ ಅನ್ನುತ್ತಾರಲ್ಲ, ಅದು ಹೇಗೆ? ಎರಡರಲ್ಲಿ ಒಂದು ಸುಳ್ಳಾಗಬೇಕಲ್ಲ?

ಎರಡೂ ನಿಜ. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಎರಡು ತುದಿಗಳ ನಡುವಿನ ವೋಲ್ಟೇಜು? ಓಮನ ಲೆಕ್ಕ ತಂತಿಯ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸದ್ದು, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜಿನದ್ದು. ಪವರ್‌ನ ಲೆಕ್ಕದಲ್ಲಿ ಬರುವುದು ಲೈನಿನ ಎರಡು ತಂತಿಗಳ ನಡುವಿನ ವೋಲ್ಟೇಜ್. ಗಣಿಗೆ ಬೇಕಾದ ಪವರ್ ಇಷ್ಟು ಅಂತ ಮೊದಲೇ ತೀರ್ಮಾನವಾಗಿದ್ದರೆ, ಈ ಎರಡನೇ ವೋಲ್ಟೇಜ್ ಏರಿಸಿದಷ್ಟೂ ಪ್ರವಾಹ ಇಳಿಯುತ್ತೆ. ಪ್ರವಾಹ ಇಳಿದರೆ ದಾರಿಯ ನಷ್ಟ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ.

ಇದನ್ನು ಕಲಿಯೋಕೆ ಜಗತ್ತಿಗೆ ಸ್ವಲ್ಪ ಕಾಲ ಹಿಡಿಯಿತು. ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಕೇಂದ್ರದ ವೋಲ್ಟೇಜ್ 110ರ ಆಸುಪಾಸು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸುತ್ತಲಿನ ಕೆಲವು ಬೀದಿ ದಾಟುವಷ್ಟರಲ್ಲೇ ಸಾಕಾಗುತ್ತಿತ್ತು. ಅದೇ ವರ್ಷ ಜರ್ಮನಿಯಲ್ಲಿ ಮೀಸ್‌ಬಾಖ್‌ನಿಂದ ಮ್ಯೂನಿಕ್‌ಗೆ 57 ಕಿಲೋಮೀಟರ್, ಟೆಲಿಗ್ರಾಫ್ ತಂತಿಯ ಮೇಲೆ ವಿದ್ಯುತ್ ಕಳಿಸಿ ನೋಡಿದರು. ಹೋಯಿತು, ಆದರೆ ಬಹುಪಾಲು ದಾರಿಯಲ್ಲೇ ಹೋಯಿತು :-) ಒಂಬತ್ತು ವರ್ಷದ ಮೇಲೆ, 1891ರಲ್ಲಿ, ಲಾವ್ಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿಲೋಮೀಟರ್. ಈ ಸಲ ತ್ರೀ ಫೇಸ್ ಎ.ಸಿ., ಟ್ರಾನ್ಸ್‌ಫಾರ್ಮರ್ ಇಟ್ಟು 15 ಸಾವಿರ ವೋಲ್ಟಿಗೆ ಏರಿಸಿದ್ದರು. ನೂರಕ್ಕೆ ಎಪ್ಪತ್ತೈದರಷ್ಟು ತಲುಪಿತು. ಸೂತ್ರ ಮೊದಲಿಂದಲೂ ಇತ್ತು, ಟ್ರಾನ್ಸ್‌ಫಾರ್ಮರ್ ಬರಬೇಕಿತ್ತು ಅಷ್ಟೇ.

ಗೋಕಾಕದ ಗಿರಣಿ ಕಟ್ಟಿದ್ದು ಈ ಪ್ರಯೋಗಕ್ಕೆ ಮುಂಚೆ. ಶಿವನಸಮುದ್ರ ಆದದ್ದು ಪ್ರಯೋಗದ ನಂತರ. ಹದಿನೈದು ವರ್ಷದಲ್ಲಿ ಆದದ್ದು ಇದೇ.

ಮೈಸೂರು ಸಂಸ್ಥಾನದಲ್ಲಿ ಆಗ ದಿವಾನರು ಶೇಷಾದ್ರಿ ಅಯ್ಯರ್. ಕೋಲಾರದ ಗಣಿಗಳನ್ನು ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್. ಯಂತ್ರಗಳೆಲ್ಲ ಹಬೆಯವು, ಅವುಗಳ ಹೊಟ್ಟೆಗೆ ಕಟ್ಟಿಗೆ, ಕಲ್ಲಿದ್ದಲು ಸುರಿಯಬೇಕು. ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಜೋಲಿ ಡಿ ಲಾಟ್‌ಬಿನಿಯೆರ್, ಕೆನಡಾದ ಕ್ವಿಬೆಕ್ ಕಡೆಯ ಮನೆತನದವನು, ಯುರೋಪು, ಅಮೆರಿಕ ಸುತ್ತಿ ಅಲ್ಲಿನ ವಿದ್ಯುತ್ ಕೇಂದ್ರಗಳನ್ನು ನೋಡಿಕೊಂಡು ಬಂದ. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು. 720 ಕಿಲೋವ್ಯಾಟಿನ ಆರು ಯಂತ್ರಗಳು. ಭಾರದ ಸಾಮಾನುಗಳನ್ನು ಕಾಡುದಾರಿಯಲ್ಲಿ ಎತ್ತು, ಆನೆಗಳಿಂದ ಎಳೆಸಿದರು. ಶೇಷಾದ್ರಿ ಅಯ್ಯರ್ ಮಾತ್ರ ಇದು ಮುಗಿದದ್ದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡರು.

ಗಣಿಗೆ ಬೇಕಿದ್ದದ್ದು 4000 ಹಾರ್ಸ್‌ಪವರ್. ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್, ಹಾಗಾಗಿ ಸುಮಾರು 3000 ಕಿಲೋವ್ಯಾಟ್. ಲೈನಿನ ವೋಲ್ಟೇಜ್ 30ರಿಂದ 35 ಸಾವಿರ. ಬನ್ನಿ, ಲೆಕ್ಕ ಹಾಕೋಣ. ತಂತಿಯ ದಪ್ಪ 50 ಚದರ ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ (ಇದು ಲೆಕ್ಕಕ್ಕೆ ನಾನು ಹಿಡಿದ ಸಂಖ್ಯೆ). 148 ಕಿಲೋಮೀಟರ್ ಉದ್ದದ ಅಂಥ ತಾಮ್ರದ ತಂತಿಯ ರೋಧ ಸುಮಾರು 50 ಓಮ್.

35 ಸಾವಿರ ವೋಲ್ಟಿನಲ್ಲಿ: ತ್ರೀ ಫೇಸ್ ಆದ್ದರಿಂದ 30,00,000 ವ್ಯಾಟನ್ನು 35,000 ಮತ್ತು 1.732 ಎರಡರಿಂದಲೂ ಭಾಗಿಸಬೇಕು. ಪ್ರವಾಹ ಸುಮಾರು 50 ಆಂಪಿಯರ್. ಒಂದು ತಂತಿಯ ನಷ್ಟ 50 × 50 × 50 = 1,25,000 ವ್ಯಾಟ್. ಮೂರು ತಂತಿಗೆ 375 ಕಿಲೋವ್ಯಾಟ್. ಮೂರು ಸಾವಿರ ತಲುಪಿಸೋಕೆ 375 ಕಳೆದುಕೊಂಡರೆ, ಪರವಾಗಿಲ್ಲ, ವ್ಯಾಪಾರ ನಡೆಯುತ್ತೆ.

11 ಸಾವಿರ ವೋಲ್ಟಿನಲ್ಲಿ: ಪ್ರವಾಹ ಸುಮಾರು 157 ಆಂಪಿಯರ್. ನಷ್ಟ 3,700 ಕಿಲೋವ್ಯಾಟ್! ಗಣಿಗೆ ಕೊಡೋದಕ್ಕಿಂತ ಹಾದಿಗೆ ಕೊಡೋದೇ ಜಾಸ್ತಿ.

ಜನರೇಟರಿನಿಂದ ಹೊರಬರುವ ಎರಡು ಸಾವಿರ ಚಿಲ್ಲರೆ ವೋಲ್ಟಿನಲ್ಲೇ ಕಳಿಸಿದ್ದರೆ? 2,200 ವೋಲ್ಟ್ ಅಂತ ಹಿಡಿದರೆ ಪ್ರವಾಹ 16 ಪಟ್ಟು, ನಷ್ಟ 250 ಪಟ್ಟು. ನಷ್ಟವನ್ನು ಮೊದಲಿನಷ್ಟಕ್ಕೇ ನಿಲ್ಲಿಸಬೇಕಾದರೆ ತಂತಿ 250 ಪಟ್ಟು ದಪ್ಪ ಬೇಕು. ಮೊದಲ ಲೆಕ್ಕದಲ್ಲಿ ಮೂರು ತಂತಿಗೆ ಸುಮಾರು 200 ಟನ್ ತಾಮ್ರ ಸಾಕು. ಈಗ 50 ಸಾವಿರ ಟನ್! ಅಷ್ಟು ತಾಮ್ರಕ್ಕೆ ದುಡ್ಡು ಹೊಂದಿಸುವುದರ ಬದಲು ಗಣಿಯವರು ಕಟ್ಟಿಗೆಯನ್ನೇ ಉರಿಸುತ್ತಿದ್ದರು.

ಅಂದರೆ ಕೋಲಾರದ ಕೆಲಸ ಆಗುತ್ತೋ ಇಲ್ಲವೋ ಅನ್ನೋದನ್ನು ತೀರ್ಮಾನ ಮಾಡಿದ್ದು ಹೈಸ್ಕೂಲಿನ ಸೂತ್ರವೇ. ಹತ್ತಾರು ಸಾವಿರ ವೋಲ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಲ್ಲೊಂದು ತಿದ್ದುಪಡಿ. ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ, ಆ ಲೈನು ಜಗತ್ತಿನಲ್ಲೇ ಉದ್ದದ್ದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಎರಡೂ ಸರಿಯಲ್ಲ. ಡಾರ್ಜಿಲಿಂಗಿನಲ್ಲಿ 1897ರಲ್ಲೇ 130 ಕಿಲೋವ್ಯಾಟಿನ ಪುಟ್ಟ ಕೇಂದ್ರ ಇತ್ತು, ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಇತ್ತು. ಕ್ಯಾಲಿಫೋರ್ನಿಯಾದ ಕೋಲ್ಗೇಟ್‌ನಿಂದ ಓಕ್‌ಲೆಂಡ್‌ಗೆ 142 ಮೈಲಿಯ ಲೈನು 1901ರಲ್ಲೇ ಆಗಿತ್ತು. ಹಾಗಂತ ನಮ್ಮವರ ಸಾಧನೆ ಸಣ್ಣದಾಗಲ್ಲ. ಜಗತ್ತು ಈ ಪಾಠ ಕಲಿತು ಹತ್ತೇ ವರ್ಷದಲ್ಲಿ ಒಂದು ದೇಶೀ ಸಂಸ್ಥಾನ ಅದನ್ನು 92 ಮೈಲಿ ಎಳೆದು ತೋರಿಸಿತು. ಸುಳ್ಳು ಕಿರೀಟ ಯಾಕೆ ಬೇಕು?

ಮುಂದಿನದು ಗೊತ್ತೇ ಇದೆ. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ನೀರು ಕಡಿಮೆಯಾಗಬಾರದು ಅನ್ನೋದೂ 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗೋಕೆ ಒಂದು ಮುಖ್ಯ ಕಾರಣ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ಕೇಂದ್ರ ಅದಕ್ಕಿಂತ ಗಟ್ಟಿ.

ಸರಿ, ಇದೆಲ್ಲ ಕಾವೇರಿಯ ಕಥೆಯಾಯಿತು. ಕೃಷ್ಣೆಯ ದಂಡೆಯ ನಮ್ಮ ಯಡೂರಿಗೆ ಇದರಿಂದ ಏನು?

ಯಡೂರು ಅಂದರೆ ಹೊರಗಿನವರಿಗೆ ವೀರಭದ್ರ ದೇವರು. ಮಳೆಗಾಲದಲ್ಲಿ ಟಿವಿ ನೋಡುವವರಿಗೆ ಮುಳುಗುವ ಕಲ್ಲೋಳ-ಯಡೂರು ಸೇತುವೆ. ನಮಗೆ ಅದು ಕಬ್ಬು, ಮತ್ತು ಕಬ್ಬಿಗೆ ಹೊಳೆಯಿಂದ ನೀರೆತ್ತುವ ಮೋಟಾರು. ಮಹಾಪೂರ ಬರುತ್ತೆ ಅಂದರೆ ಮನೆ ಸಾಮಾನಿಗಿಂತ ಮುಂಚೆ ದಂಡೆಯ ಮೇಲಿನ ಮೋಟಾರು ಬಿಚ್ಚಿ ಮೇಲೆ ತರುತ್ತಾರೆ. ಮಹಾಪೂರಕ್ಕೆ ಸಿಗದ ಮೋಟಾರು ಬೇಸಿಗೆಯಲ್ಲಿ ಸುಡುತ್ತೆ. ವೈಂಡಿಂಗ್ ಅಂಗಡಿಯವನು ಮುಚ್ಚಳ ತೆಗೆದು, ಕರ್ರಗಾದ ತಂತಿ ತೋರಿಸಿ, “ಡಿಮ್ ಇದ್ದಾಗ ಓಡಿಸೀರೇನ್ರೀ ಕಾಕಾ?” ಅಂತಾನೆ. ಕಾಕಾ ಕೇಳುವ ಪ್ರಶ್ನೆ ನನಗೆ ಬಹಳ ಸೇರುತ್ತೆ: “ಕರೆಂಟ್ ಕಮ್ಮಿ ಇದ್ರ ಸುಡೂದು ಹ್ಯಾಂಗೋ? ಜಾಸ್ತಿ ಬಂದ್ರ ಸುಡಬೇಕಲ್ಲ?”

ಈ ಪ್ರಶ್ನೆಗೆ ಉತ್ತರ ಮೇಲಿನ ಕೋಲಾರದ ಲೆಕ್ಕದಲ್ಲೇ ಇದೆ. ನಾವು ವೋಲ್ಟೇಜಿಗೂ ಕರೆಂಟ್ ಅಂತೀವಿ, ಆಂಪಿಯರಿಗೂ ಕರೆಂಟ್ ಅಂತೀವಿ, ಅಲ್ಲಿಗೆ ಗೊಂದಲ ಶುರು. ಹಳೇ ಕಾಲದ ತಂತಿಯ ಬಲ್ಬು ಓಮನ ಮಾತು ಕೇಳುತ್ತೆ. ವೋಲ್ಟೇಜ್ ಇಳಿದರೆ ಆಂಪಿಯರೂ ಇಳಿಯುತ್ತೆ, ಬಲ್ಬು ಮಂಕಾಗುತ್ತೆ, ಸುಡಲ್ಲ. ಮೋಟಾರು ಹಾಗಲ್ಲ. ಅದರ ತಲೆ ಮೇಲೆ ನೀರೆತ್ತುವ ಹೊರೆ ಇದೆ. ಹೊರೆ ಹೆಚ್ಚುಕಡಿಮೆ ಅಷ್ಟೇ ಇದ್ದು ವೋಲ್ಟೇಜ್ ಇಳಿದರೆ, ಅದೇ ಪವರ್‌ಗಾಗಿ ಅದು ಹೆಚ್ಚು ಆಂಪಿಯರ್ ಎಳೆಯುತ್ತೆ, ವೋಲ್ಟೇಜ್ ಇಳಿಸಿದ ಕೋಲಾರದ ಲೈನಿನ ಹಾಗೆಯೇ.

5 ಎಚ್.ಪಿ. ಮೋಟಾರು 415 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ತಗೊಳ್ಳುತ್ತೆ. 300 ವೋಲ್ಟಿನಲ್ಲಿ 11ರ ಮೇಲೆ. ಜೂಲ್‌ನ ಲೆಕ್ಕದಲ್ಲಿ ವೈಂಡಿಂಗ್‌ನ ಶಾಖ ಹೆಚ್ಚುಕಡಿಮೆ ಎರಡು ಪಟ್ಟು. ಇನ್ನೂ ಕೆಟ್ಟದ್ದೆಂದರೆ, ಮೋಟಾರು ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 300 ವೋಲ್ಟಿನಲ್ಲಿ ಅರ್ಧ ಬಲ ಮಾತ್ರ. ಗುಂಯ್ ಅಂತ ಸದ್ದು ಮಾಡುತ್ತಾ ತಿರುಗದೇ ನಿಂತರೆ, ಮಾಮೂಲಿನ ನಾಲ್ಕೈದು ಪಟ್ಟು ಆಂಪಿಯರ್ ಎಳೆಯುತ್ತಾ ಅಲ್ಲೇ ಬೇಯುತ್ತೆ.

ವೋಲ್ಟೇಜ್ ಇಳಿಯೋದು ಯಾಕೆ? ಅದೂ ಓಮ್. ನಮ್ಮ ಲೈನುಗಳ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರಿವೆ ಗೊತ್ತಾ? ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಅಳಿಲು, ಮುಂಗುಸಿಯಂಥದೊಂದು ಪ್ರಾಣಿ, ಮೊಲ :-) ಪ್ರಾಣಿ ದೊಡ್ಡದಾದಷ್ಟೂ ತಂತಿ ದಪ್ಪ. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಬಹಳ ಕಡಿಮೆ ಅನ್ನಿಸುತ್ತಲ್ಲ? ಟಿಸಿಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಹತ್ತು ಮೋಟಾರು ಒಟ್ಟಿಗೆ ನಡೆದರೆ 80 ಆಂಪಿಯರ್. 80 × 0.9 = 72 ವೋಲ್ಟ್ ದಾರಿಯಲ್ಲೇ ಹೋಯಿತು. ಒಂದು ಫೇಸಿನ 240ರಲ್ಲಿ ಉಳಿದದ್ದು 168. ತ್ರೀ ಫೇಸಿನ ಲೆಕ್ಕದಲ್ಲಿ 415 ಇರಬೇಕಾದಲ್ಲಿ 290. ವೋಲ್ಟೇಜ್ ಇಳಿಯಿತು ಅಂತ ಮೋಟಾರುಗಳು ಇನ್ನಷ್ಟು ಆಂಪಿಯರ್ ಎಳೆಯುತ್ತವೆ, ಅದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತೆ. ಕರೆಂಟ್ ಬಂದ ಕೂಡಲೇ ಎಲ್ಲರ ಆಟೋ ಸ್ಟಾರ್ಟರು ಒಂದೇ ಕ್ಷಣದಲ್ಲಿ ಹೊಡೆದರಂತೂ ಕೇಳೋದೇ ಬೇಡ. ಮೊದಲು ಟಿಸಿ ಸುಡುತ್ತೋ ಮೋಟಾರು ಸುಡುತ್ತೋ ಅಂತ ಪೈಪೋಟಿ.

ಲೈನಿನ ಕೊನೆಯಲ್ಲಿ ಹೊಲ ಇದ್ದವನದು ಏನೂ ತಪ್ಪಿಲ್ಲ. ಅವನ ಹೊಲಕ್ಕೆ ಟಿಸಿ ದೂರ, ಅಷ್ಟೇ. ಆದರೆ ವೈಂಡಿಂಗ್ ಖರ್ಚು ಅವನ ತಲೆಗೇ. ನೀರಿಲ್ಲದೆ ಒಣಗುವ ಕಬ್ಬೂ ಅವನದೇ. ಪಂಪ್‌ಸೆಟ್ಟಿನ ಕರೆಂಟ್ ಉಚಿತ ಅನ್ನುತ್ತಾರೆ. ಸುಟ್ಟ ಮೋಟಾರಿನ ಲೆಕ್ಕ ಸೇರಿಸಿದರೆ ಅದೆಷ್ಟು ಉಚಿತ ಅಂತ ಅವನನ್ನೇ ಕೇಳಬೇಕು.

ಪರಿಹಾರ ಹೊಸದೇನಲ್ಲ, 1902ರದ್ದೇ. ಕಡಿಮೆ ವೋಲ್ಟೇಜಿನ ಲೈನನ್ನು ಕಿಲೋಮೀಟರುಗಟ್ಟಲೆ ಎಳೆಯಬೇಡಿ. 11 ಸಾವಿರ ವೋಲ್ಟಿನ ಲೈನನ್ನೇ ಹೊಲದ ಹತ್ತಿರ ತನ್ನಿ, ಒಂದು ದೊಡ್ಡ ಟಿಸಿ ಬದಲು ನಾಲ್ಕಾರು ಮೋಟಾರಿಗೊಂದು ಸಣ್ಣ ಟಿಸಿ ಕೂರಿಸಿ. ಇದಕ್ಕೆ ಎಚ್.ವಿ.ಡಿ.ಎಸ್. ಅಂತ ದೊಡ್ಡ ಹೆಸರಿದೆ, ಆದರೆ ಒಳಗಿರುವುದು ಶಿವನಸಮುದ್ರದ ಲೆಕ್ಕವೇ. ನಾವು ಮಾಡಬಹುದಾದ್ದೂ ಇದೆ. ಮೋಟಾರಿಗೆ ಸರಿಯಾದ ಕೆಪಾಸಿಟರ್ ಹಾಕಿಸಿದರೆ ಲೈನಿನ ಆಂಪಿಯರ್ ಕಡಿಮೆಯಾಗುತ್ತೆ. ಒಂದೇ ಟಿಸಿಯವರು ಹೊಂದಿಕೊಂಡು ಪಾಳಿ ಮೇಲೆ ಓಡಿಸಿದರೆ ಎಲ್ಲರಿಗೂ ವೋಲ್ಟೇಜ್ ಸಿಗುತ್ತೆ. ಎಂಬತ್ತರ ಬದಲು ನಲವತ್ತು ಆಂಪಿಯರ್ ಹರಿದರೆ ದಾರಿಯ ನಷ್ಟ ಅರ್ಧವಲ್ಲ, ಕಾಲು ಭಾಗ. ಅಷ್ಟು ಲಾಭ ಕೊಡುವ ಬೇರೆ ಒಪ್ಪಂದ ನನಗಂತೂ ಗೊತ್ತಿಲ್ಲ.

ಪಂಪ್‌ಹೌಸಿನ ಸ್ಟಾರ್ಟರ್ ಬೋರ್ಡಿನ ಮೇಲೆ ಸಾಮಾನ್ಯವಾಗಿ ಎರಡು ಮೀಟರ್ ಇರುತ್ತವೆ, ಒಂದು ವೋಲ್ಟಿನದು, ಒಂದು ಆಂಪಿಯರಿನದು. ಬಹಳ ಕಡೆ ಗಾಜಿನ ಮೇಲೆ ಧೂಳು ಕೂತಿರುತ್ತೆ. ಒಮ್ಮೆ ಒರೆಸಿ ನೋಡಿ. ಒಂದು ಮುಳ್ಳು ಇಳಿದಾಗ ಇನ್ನೊಂದು ಏರುತ್ತಿದ್ದರೆ, ಅದು ಮೋಟಾರು ನಿಲ್ಲಿಸುವ ಹೊತ್ತು.